ದಿಂಬಿನ ಮೇಲಿನ ಚಪ್ಪಲಿ

ನನ್ನ ತಂಗಿ ಆ ಕಥೆ ಶುರು ಮಾಡಿದಳೆಂದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ತೊಳೆಯುವುದಕ್ಕೆ ಪಾತ್ರೆ ಇಲ್ಲದಿದ್ದರೆ ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದೆ. ನಲ್ಲಿಯನ್ನು ಎಷ್ಟು ಜೋರಾಗಿ ಬಿಟ್ಟರೂ ಅವಳ ದನಿ ಕೇಳುತ್ತಿತ್ತು.

"ಇನ್ನೂರು ಜನ ಕೂತಿದಾರೆ. ಮಧ್ಯದಲ್ಲಿ ಕುರ್ಚಿ ಮೇಲೆ ನಾನು, ಇಷ್ಟು ದೊಡ್ಡ ಗೌನ್ ಹಾಕ್ಕೊಂಡು. ನೋಡಿದ್ರೆ ಚಪ್ಪಲೀನೇ ಇಲ್ಲ! ಆಗ ನಮ್ಮಕ್ಕ ಏನ್ ಮಾಡಿದ್ಲು ಗೊತ್ತಾ?"

ಅಕ್ಕ ಏನು ಮಾಡಿದಳೆಂದು ಕೇಳಿದವರೆಲ್ಲ ಆಹಾ ಎನ್ನುತ್ತಿದ್ದರು. ಕೆಲವರು ಅಡುಗೆಮನೆಗೇ ಬಂದು ನನ್ನ ಒದ್ದೆ ಕೈ ಹಿಡಿದು ಕುಲುಕುತ್ತಿದ್ದರು. ಆ ಚಪ್ಪಲಿ ಕಾಣೆಯಾದದ್ದು ಹೇಗೆ ಎಂಬುದು ಮಾತ್ರ ಅವಳ ಕಥೆಯಲ್ಲಿ ಇರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಓದು ಏಳನೇ ಕ್ಲಾಸಿಗೆ ನಿಂತದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ನಮ್ಮಪ್ಪ ಮೈಸೂರಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅದಾದ ಮರುವರ್ಷ ಹ್ಯೂಸ್ಟನ್ನಿನಲ್ಲಿ ಸಸ್ಯಾಹಾರಿ ಹೋಟೆಲು ತೆರೆದ ಒಬ್ಬರು ಅಪ್ಪನನ್ನು ಕರೆಸಿಕೊಂಡರು. ನಾನು ಅಜ್ಜಿಯ ಹತ್ತಿರ ಉಳಿದೆ. ಆ ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಒಬ್ಬ ಹೆಂಗಸು ಇದ್ದಳು. ಟೆಕ್ಸಾಸಿನ ಗಡಿಯಲ್ಲಿ ಹುಟ್ಟಿದ ಮೆಕ್ಸಿಕೋ ಮೂಲದವಳು, ಗಂಡ ಬಿಟ್ಟುಹೋದವಳು, ಒಬ್ಬಳು ಮಗಳ ತಾಯಿ. ಅವರಿಬ್ಬರೂ ಮದುವೆಯಾದರು. ಆ ಮಗಳೇ ನನ್ನ ತಂಗಿ. ಈರುಳ್ಳಿ ಹೆಚ್ಚುವಾಗ ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು, ಯಾರು ಯಾರಿಗೆ ಮೊದಲು ಒರೆಸಲು ಬಟ್ಟೆ ಕೊಟ್ಟರೋ ನೆನಪಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ. ನಾನು ಅವಳನ್ನು ಚಿಕ್ಕಮ್ಮ ಎನ್ನುತ್ತೇನೆ. ಅವಳು ನನ್ನನ್ನು ಮಿಹಾ ಎನ್ನುತ್ತಾಳೆ. ಅವರ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಮಗಳೇ ಎಂದು.

ನಾನು ಹ್ಯೂಸ್ಟನ್ನಿಗೆ ಬಂದಿಳಿದಾಗ ನನಗೆ ಹದಿನೇಳು, ತಂಗಿಗೆ ಹನ್ನೆರಡು. ಏರ್‌ಪೋರ್ಟಿಗೆ ಅಪ್ಪ ನನಗೆಂದು ಗುಲಾಬಿ ಬಣ್ಣದ ಹೊಸ ಶೂ ತಂದಿದ್ದರು. ಎಲ್ಲರೆದುರಿಗೆ ಬೆಂಚಿನ ಮೇಲೆ ಕೂತು ಹಾಕಿಕೊಳ್ಳಲು ನೋಡಿದೆ. ಅರ್ಧ ಪಾದವೂ ಒಳಗೆ ಹೋಗಲಿಲ್ಲ. ಅಪ್ಪನ ಲೆಕ್ಕದಲ್ಲಿ ನಾನು ಇನ್ನೂ ಹತ್ತು ವರ್ಷದವಳೇ. "ಅಯ್ಯೋ, ಬೆಳೆದ್ಬಿಟ್ಟಿದೀಯಲ್ಲೇ!" ಎಂದು ನಕ್ಕುಬಿಟ್ಟರು. ಆ ಶೂ ತಂಗಿಯ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅವಳು ಅದನ್ನು ಹಾಕಿಕೊಂಡೇ ಕಾರ್ ಪಾರ್ಕಿಂಗಿನ ತುಂಬಾ ಕುಣಿದಳು. ನಾನೂ ನಕ್ಕೆ. ಆದರೆ ಆ ಗುಲಾಬಿ ಶೂ ನನ್ನ ಹೊಟ್ಟೆಯೊಳಗೆ ಎಲ್ಲೋ ಹೋಗಿ ಕೂತಿತು. ಮುಂದೆ ನಡೆದದ್ದಕ್ಕೆಲ್ಲ ಅದೇ ಮೊದಲು.

ನಮ್ಮದು ಊರಿನ ನೈರುತ್ಯ ಮೂಲೆಯಲ್ಲಿದ್ದ ಹಳೆಯ ಅಪಾರ್ಟ್‌ಮೆಂಟು. ಎರಡು ಮಹಡಿ, ಸುತ್ತ ಮನೆಗಳು, ನಡುವೆ ಒಂದು ಈಜುಕೊಳ. ಕೊಳದಲ್ಲಿ ನೀರಿರಲಿಲ್ಲ. ಯಾವ ಕಾಲದಲ್ಲೋ ಮಣ್ಣು ತುಂಬಿಸಿಬಿಟ್ಟಿದ್ದರು, ಅದರಲ್ಲಿ ಯಾರೋ ಮೆಣಸಿನ ಗಿಡ ಹಾಕಿದ್ದರು. "ನಮ್ಮನೇಲಿ ಸ್ವಿಮ್ಮಿಂಗ್ ಪೂಲ್ ಇದೆ" ಎಂದು ನಾನು ಅಜ್ಜಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳೇನೂ ಅಲ್ಲ. ಮಧ್ಯಾಹ್ನ ಗಂಟೆ ಬಾರಿಸಿಕೊಂಡು ಐಸ್ ಕ್ಯಾಂಡಿ ಗಾಡಿ ಬರುತ್ತಿತ್ತು. ಶನಿವಾರ ಒಂದು ಮನೆಯ ಹಾಡು ಎಲ್ಲರ ಮನೆಯ ಹಾಡು. ಕಿಟಕಿಯ ಏಸಿ ಕೆಟ್ಟರೆ ಎಲ್ಲರೂ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದೆವು. ಇಂಗ್ಲಿಷ್ ಬಾರದವರೇ ಹೆಚ್ಚು. ಹಾಗಾಗಿ ಹನ್ನೆರಡು ವರ್ಷದ ನನ್ನ ತಂಗಿಯೇ ಇಡೀ ಕಟ್ಟಡಕ್ಕೆ ವಕೀಲೆ, ಗುಮಾಸ್ತೆ, ಡಾಕ್ಟರರ ದುಭಾಷಿ. ಯಾರದೋ ಸಿಂಕ್ ಸೋರಿದರೆ ಮ್ಯಾನೇಜರ್ ಆಫೀಸಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ಜಗಳವಾಡಿ ಬರುತ್ತಿದ್ದವಳು ಅವಳೇ.

ನನಗೆ ಇಂಗ್ಲಿಷ್ ಕಲಿಸಿದವಳೂ ಅವಳೇ. ಅಂಗಡಿಯವರು ಬಾಗಿಲಿಗೆ ಸಿಕ್ಕಿಸಿ ಹೋಗುವ ಕಾಗದದಲ್ಲಿ ತರಕಾರಿಯ ಚಿತ್ರಗಳಿರುತ್ತವಲ್ಲ, ಅದೇ ನಮ್ಮ ಪಠ್ಯಪುಸ್ತಕ. ಬದಲಿಗೆ ಅವಳು ನನ್ನಿಂದ ಅಡುಗೆಮನೆಯ ಕನ್ನಡ ಕಲಿತಳು. ನಾವಿಬ್ಬರೂ ಆಡುತ್ತಿದ್ದದ್ದು ಮೂರು ಭಾಷೆಯ ಚಿತ್ರಾನ್ನ. ಇಲ್ಲಿ ಅಷ್ಟನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನಮ್ಮಪ್ಪನನ್ನು ಆಗ ಅವಳು ಕರೆಯುತ್ತಿದ್ದದ್ದು "ಮಿಸ್ಟರ್ ದೋಸೆ" ಎಂದು.

ಬಂದ ಮರುವರ್ಷ ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದವಳೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಅಪ್ಪ ಚಿಕ್ಕಮ್ಮ ಇಬ್ಬರೂ ಹೋಟೆಲಿನಲ್ಲಿ. ಬಾಗಿಲಾಚೆಯಿಂದ "ಅಕ್ಕಾ, ನಾನು ಸತ್ತೋಗ್ತೀನಾ?" ಎಂದಳು. ವಿಷಯ ಗೊತ್ತಾದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. "ಸಾಯಲ್ಲ ಕಣೇ, ದೊಡ್ಡವಳಾಗಿದೀಯ. ಬಾ ಹೊರಗೆ, ಆರತಿ ಮಾಡ್ತೀನಿ."

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಮಣೆ ಹಾಕಿ ಕೂರಿಸಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿ, ಆರತಿ ಎತ್ತುತ್ತಾರೆ. ಮೂಲೆಯ ಮೆಕ್ಸಿಕನ್ ಅಂಗಡಿಯಲ್ಲಿ ಎಳ್ಳು ಸಿಕ್ಕಿತು. ನಮ್ಮ ಅಚ್ಚುಬೆಲ್ಲದ ಹಾಗೆಯೇ ಇರುವ ಅವರ ಕಂದು ಬೆಲ್ಲವೂ ಸಿಕ್ಕಿತು. ಒರಳಿಲ್ಲ, ಹಾಗಾಗಿ ಚಿಕ್ಕಮ್ಮ ಮೆಣಸಿನಕಾಯಿ ಅರೆಯುವ ಕಲ್ಲಿನಲ್ಲೇ ಕುಟ್ಟಿದೆ. ಮಣೆಯಿಲ್ಲ, ಹಾಲಿನ ಕ್ರೇಟು ಬೋರಲು ಹಾಕಿದೆ. ಚಿಗಳಿ ಬಾಯಿಗಿಟ್ಟ ತಂಗಿ "ಖಾರ! ಖಾರ!" ಎಂದು ಕುಣಿದಳು. ಕಲ್ಲಿನಲ್ಲಿ ಮೆಣಸಿನಕಾಯಿ ಉಳಿದಿತ್ತು.

ಆವತ್ತು ಅವಳು ಕೇಳಿದಳು. "ನಿಂಗೆ ಮಾಡಿದಾಗ ಮಿಸ್ಟರ್ ದೋಸೆ ಏನ್ ಮಾಡಿದ್ರು?"

"ಅವರು ಇಲ್ಲಿದ್ರಲ್ಲ. ಫೋನ್ ಮಾಡಿದ್ರು. ರೇಷನ್ ಅಂಗಡಿ ಫೋನಿಗೆ. ನಾನು ಓಡಿ ಹೋಗೋಷ್ಟ್ರಲ್ಲಿ ಲೈನ್ ಕಟ್ಟಾಗಿತ್ತು."

ಅವಳು ಇನ್ನೊಂದು ಚಿಗಳಿ ಬಾಯಿಗೆ ಹಾಕಿಕೊಂಡಳು, ಖಾರವಿದ್ದರೂ.

ಹದಿನೈದು ತುಂಬುವುದು ಅವರಲ್ಲಿ ದೊಡ್ಡ ಹಬ್ಬ. ಕಿನ್ಸೆ ಎನ್ನುತ್ತಾರೆ. ಮದುವೆಗಿಂತ ಒಂದು ಕೈ ಕಡಿಮೆ, ನಮ್ಮ ಆರತಿಗಿಂತ ನೂರು ಕೈ ಜಾಸ್ತಿ. ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಬಾಡಿಗೆ ಹಾಲ್‌ನಲ್ಲಿ ಊಟ, ಕುಣಿತ. ಎಲ್ಲಕ್ಕಿಂತ ಮುಖ್ಯವಾದದ್ದೊಂದಿದೆ. ಹುಡುಗಿ ಸಮತಟ್ಟು ಚಪ್ಪಲಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ತಂದೆ ಮಂಡಿಯೂರಿ ಆ ಚಪ್ಪಲಿ ಬಿಚ್ಚಿ, ಮೊದಲ ಸಲ ಹೈ ಹೀಲ್ಸ್ ತೊಡಿಸುತ್ತಾನೆ. ಅಲ್ಲಿಂದ ಮುಂದೆ ಅವಳು ಮಗುವಲ್ಲ.

ಬಡವರ ಓಣಿಯಲ್ಲಿ ಇಷ್ಟೆಲ್ಲ ಹೇಗೆಂದರೆ, ಒಬ್ಬೊಬ್ಬರು ಒಂದೊಂದನ್ನು ಹೊತ್ತುಕೊಳ್ಳುತ್ತಾರೆ. ಹೊತ್ತುಕೊಂಡ ಹೆಂಗಸಿಗೆ ಮದ್ರೀನಾ ಎಂದು ಮರ್ಯಾದೆ. ಚಿಕ್ಕಮ್ಮನ ಅಕ್ಕ ಕಿರೀಟಕ್ಕೆ, ಪಕ್ಕದ ಮನೆಯ ಅಜ್ಜಿ ಬೈಬಲ್ಲಿಗೆ. ನಮ್ಮ ಹೋಟೆಲಿಗೆ ತಪ್ಪದೆ ಬರುತ್ತಿದ್ದ, ಪಕ್ಕದ ಊರು ಪೇರ್‌ಲ್ಯಾಂಡಿನ ಡಾಕ್ಟರ್ ಆಂಟಿಯೊಬ್ಬರು ಸುದ್ದಿ ಕೇಳಿ, "ಕೇಕ್ ನಂದು. ಆದ್ರೆ ಎಗ್‌ಲೆಸ್ಸು, ಈಗ್ಲೇ ಹೇಳಿಬಿಟ್ಟೆ" ಎಂದರು. ಮೊಟ್ಟೆಯಿಲ್ಲದ ಕೇಕ್ ಎಂದರೆ ಏನೆಂದು ಚಿಕ್ಕಮ್ಮನ ಕಡೆಯವರು ಒಂದು ವಾರ ಚರ್ಚೆ ಮಾಡಿದರು.

ಒಂದು ಸಂಜೆ ತಂಗಿ ಮುಖ ಅರಳಿಸಿಕೊಂಡು ಬಂದು ನನ್ನ ಕೈ ಹಿಡಿದಳು. "ಅಕ್ಕಾ, ನಿಂಗೆ ಚಪ್ಪಲಿ!"

"ಏನು?"

"ನೀನು ಚಪ್ಪಲಿ ಮದ್ರೀನಾ. ನೀನೇ ಕೊಡಿಸ್ಬೇಕು. ಬಿಳೀ ದಿಂಬಿನ ಮೇಲೆ ಇಟ್ಕೊಂಡು ಎಲ್ಲರ ಮುಂದೆ ತರಬೇಕು."

ನಾನು ನಕ್ಕೆ. ಒಳಗೆ ಉರಿದುಹೋಯಿತು. ಒಬ್ಬರಿಗೆ ಕಿರೀಟ, ಒಬ್ಬರಿಗೆ ದೇವರ ಪುಸ್ತಕ, ಒಬ್ಬರಿಗೆ ಕೇಕು. ನನಗೆ ಚಪ್ಪಲಿ! ನಮ್ಮಲ್ಲಿ ಚಪ್ಪಲಿ ಹೊಸ್ತಿಲ ಆಚೆಗೆ ಇರುವಂಥದ್ದು. ಸಿಟ್ಟು ಬಂದರೆ ಕೈಗೆ ತೆಗೆದುಕೊಳ್ಳುವಂಥದ್ದು. ಅದನ್ನು ದಿಂಬಿನ ಮೇಲಿಟ್ಟು ಇನ್ನೂರು ಜನರ ಮುಂದೆ ಹೊತ್ತುಕೊಂಡು ಬಾ ಎಂದರೆ? ಮನೆಗೆ ತಡವಾಗಿ ಬಂದವಳಿಗೆ ಉಳಿದದ್ದು ಇದೇ ಎಂದುಕೊಂಡೆ. ಹಾಗೆಂದರೆ ಅವರಲ್ಲಿ ಏನು ಅರ್ಥ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡು ಅವಳೂ ಹೇಳಲಿಲ್ಲ.

ಆಮೇಲೆ ದನಿ ತಗ್ಗಿಸಿ ಅವಳು ಇನ್ನೊಂದು ಮಾತು ಕೇಳಿದಳು. "ಅವರು ಚಪ್ಪಲಿ ಹಾಕಿದ್ಮೇಲೆ, ನಾನೂ ಅವರನ್ನ ಅಪ್ಪ ಅಂತ ಕರೀಲಾ? ನಿಂಗೆ ಬೇಜಾರಾಗುತ್ತಾ?"

"ಬೇಜಾರು ಯಾಕೆ? ಕರಿ" ಎಂದೆ. ಹಾಗೆ ಹೇಳಿದ್ದು ಬಾಯಿ ಅಷ್ಟೆ.

ಅಷ್ಟೊತ್ತಿಗೆ ನಾನೂ ಅಪ್ಪನ ಹೋಟೆಲಿನಲ್ಲೇ ಕೆಲಸಕ್ಕಿದ್ದೆ, ಆ ಸಂಬಳದಲ್ಲಿ ಚಪ್ಪಲಿಯನ್ನು ನಾನೇ ಕೊಡಿಸಿದೆ. ಬಿಳಿ ಸ್ಯಾಟಿನ್ನಿನದು, ಕಣಕಾಲಿಗೆ ಸಣ್ಣ ಪಟ್ಟಿ, ಸಾಸಿವೆಯಷ್ಟು ದೊಡ್ಡ ಬಕಲ್. ಆ ಬಕಲ್ ನೋಡಿ ಅಪ್ಪನಿಗೆ ದಿಗಿಲಾಯಿತು. ಮೂವತ್ತು ವರ್ಷ ಬಿಸಿ ಕಾವಲಿ ಮುಟ್ಟಿದ ಬೆರಳುಗಳು ಅವು, ಅಂಗಿಯ ಗುಂಡಿಯೇ ಸರಿಯಾಗಿ ಸಿಗುವುದಿಲ್ಲ. ಹೋಟೆಲಿನಲ್ಲಿ ಮಧ್ಯಾಹ್ನದ ಊಟದವರೆಲ್ಲ ಹೋದ ಮೇಲೆ ಅಪ್ಪ ಪ್ರಾಕ್ಟೀಸಿಗೆ ಕೂತರು. ಅಕ್ಕಿ ಮೂಟೆ ನೆಲಕ್ಕೆ ಹಾಕಿ ಅದರ ಮೇಲೆ ಮಂಡಿಯೂರಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಚಿಕ್ಕಮ್ಮನನ್ನು ಕೂರಿಸಿ, ಅವಳ ಕಾಲಿಗೆ ಅಂಥದ್ದೇ ಹಳೆಯದೊಂದು ಚಪ್ಪಲಿ ಹಾಕಿ ತೆಗೆದು, ಹಾಕಿ ತೆಗೆದು.

"ನಿಧಾನ! ಅದು ನನ್ನ ಕಾಲು, ದೋಸೆ ಅಲ್ಲ!" ಎಂದು ಚಿಕ್ಕಮ್ಮ ಕಿರುಚಿದರೆ, ಅಪ್ಪ, "ದೋಸೆ ಆಗಿದ್ರೆ ಇಷ್ಟೊತ್ತಿಗೆ ಪಾರ್ಸಲ್ಲೇ ಆಗ್ತಿತ್ತು" ಎನ್ನುತ್ತಿದ್ದರು.

ನಾನು ಈರುಳ್ಳಿ ಹೋಳಿನಲ್ಲಿ ಕಾವಲಿ ಉಜ್ಜುತ್ತಾ ನೋಡುತ್ತಿದ್ದೆ. ಮೂರು ವಾರ ದಿನಾ ನೋಡಿದೆ. ನನ್ನ ಕಾಲಿನ ಅಳತೆ ಗೊತ್ತಿಲ್ಲದ ಮನುಷ್ಯ ಇನ್ನೊಬ್ಬಳ ಕಾಲಿಗೆ ಬಕಲ್ ಹಾಕುವುದನ್ನು ಕಲಿಯುತ್ತಿದ್ದಾರೆ. ತಂದೆಯಾದವನು ಮಗಳ ಕಾಲ ಬಳಿ ಕೂತು ಚಪ್ಪಲಿ ಮುಟ್ಟುವುದು ಸರಿಯಲ್ಲ, ಅದು ಅಪ್ಪನಿಗೆ ಅವಮಾನ ಎಂದೂ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಕಿಚ್ಚಿಗೆ ಒಂದು ಒಳ್ಳೆಯ ಅಂಗಿ ತೊಡಿಸಿದರೆ ಹೊರಗೆ ಕರೆದುಕೊಂಡು ಹೋಗಬಹುದಲ್ಲ, ಹಾಗೆ.

ಹಬ್ಬದ ಶನಿವಾರ ಬೆಳಿಗ್ಗೆ ಮನೆಯೆಲ್ಲ ಗದ್ದಲ. ಗೌನ್ ಬಾಗಿಲಲ್ಲಿ ಹಿಡಿಸದೆ ನಾಲ್ಕು ಜನ ತಂಗಿಯನ್ನು ಅಡ್ಡಡ್ಡ ತಿರುಗಿಸಿ ಹೊರಗೆ ತಂದರು. ಚಪ್ಪಲಿಯ ಡಬ್ಬಿ ನನ್ನ ಕೈಯಲ್ಲಿತ್ತು. ಎಲ್ಲರೂ ಮೆಟ್ಟಿಲಿಳಿದರು. ನಾನೊಬ್ಬಳೇ ಅಡುಗೆಮನೆಯಲ್ಲಿ ನಿಂತಿದ್ದೆ. ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದೆ. ಡಬ್ಬಿಯನ್ನು ಕೆಳಗಿಟ್ಟು ಚಪ್ಪಲಿ ಜೋಡಿಯನ್ನು ಮಾತ್ರ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೋನಾ ಮಸೂರಿಯೊಳಗೆ ಮೊಣಕೈವರೆಗೆ ತಳ್ಳಿದೆ. ಖಾಲಿ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದೆ. ಒಂದು ನಿಮಿಷದ ಕೆಲಸ. ಚಪ್ಪಲಿಯಿಲ್ಲದಿದ್ದರೆ ಆ ಒಂದು ಐಟಂ ಬಿಟ್ಟುಬಿಡುತ್ತಾರೆ, ಮಿಕ್ಕದ್ದೆಲ್ಲ ಚೆನ್ನಾಗಿಯೇ ನಡೆಯುತ್ತದೆ ಎಂದುಕೊಂಡಿದ್ದೆ. ಅಷ್ಟೇ ನನ್ನ ಬುದ್ಧಿ.

ಹಾಲ್‌ನಲ್ಲಿ ಊಟ ಮುಗಿಯಿತು. ಮೊಟ್ಟೆಯಿಲ್ಲದ ಕೇಕನ್ನು ಎಲ್ಲರೂ ಅನುಮಾನದಿಂದ ತಿಂದು, ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಮೈಕಿನವನು ಚಪ್ಪಲಿ ಎಂದು ಕೂಗಿದ. ತಂಗಿ ಕುರ್ಚಿಯಲ್ಲಿ ಕೂತಳು. ಅಪ್ಪ ಬಾಡಿಗೆ ಕೋಟು ಹಾಕಿಕೊಂಡು, ಪಂಚೆ ಎತ್ತಿ ಕಟ್ಟುವ ಅಭ್ಯಾಸದಲ್ಲಿ ಪ್ಯಾಂಟನ್ನೇ ಮೇಲಕ್ಕೆಳೆದುಕೊಂಡು, ಮಂಡಿಯೂರಿ, ಅವಳ ಸಮತಟ್ಟು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಬಿಳಿ ದಿಂಬು, ಅದರ ಮೇಲೆ ಏನೂ ಇಲ್ಲ.

"ಕಾರಲ್ಲಿ ಇಟ್ಟಿದ್ದೆ. ಈಗ ಕಾಣ್ತಿಲ್ಲ" ಎಂದೆ.

ಗಂಡಸರು ಪಾರ್ಕಿಂಗಿಗೆ ಓಡಿದರು. ಯಾರ ಯಾರದೋ ಪಿಕಪ್ ಟ್ರಕ್ಕಿನ ಹಿಂಭಾಗವನ್ನೆಲ್ಲ ಹುಡುಕಿದರು. ಅಪ್ಪ ಏಳಲೇ ಇಲ್ಲ. ಎದ್ದರೆ ಮತ್ತೆ ಕೂರಲು ಮಂಡಿ ಬಿಡುವುದಿಲ್ಲವೆಂದು ಹಾಗೆಯೇ ಇದ್ದರು. ನಾನು ಅತ್ತುಬಿಡುತ್ತೇನೆ ಎಂದುಕೊಂಡು ಚಿಕ್ಕಮ್ಮನ ಅಕ್ಕ, ಕಿರೀಟದ ಮದ್ರೀನಾ, ನನ್ನ ಪಕ್ಕ ಬಂದು ಬೆನ್ನು ಸವರಿದಳು.

"ಅಳಬೇಡ ಹುಡುಗಿ. ಕಿರೀಟ ಯಾರು ಬೇಕಾದ್ರೂ ಕೊಡ್ತಾರೆ. ಚಪ್ಪಲಿ ಕೊಡೋದು ಅವಳ ಎದೆಗೆ ಹತ್ತಿರ ಇರೋರಿಗೆ ಮಾತ್ರ. ನಂಗೇ ಬೇಕು ಅಂತ ನಾನೂ ಅಡ್ಡ ಬಿದ್ದಿದ್ದೆ. ಇವಳು ಮಾತ್ರ, ಇಲ್ಲ, ನಮ್ಮಕ್ಕಂಗೇ, ಮೊದಲು ನನಗೆ ಆರತಿ ಮಾಡಿದವಳು ಅವಳೇ ಅಂತ ಎರಡು ವಾರ ನನ್ನ ಹತ್ರ ಜಗಳ ಆಡಿದಳು, ಕತ್ತೆ."

ನಾನು ಕೈಯಲ್ಲಿದ್ದ ಖಾಲಿ ದಿಂಬನ್ನು ನೋಡಿದೆ. ಅಷ್ಟರಲ್ಲಿ ತಂಗಿ ಮೈಕ್ ಇಸಿದುಕೊಂಡು, "ಯಾರೂ ಗಾಬರಿ ಆಗ್ಬೇಡಿ. ನಮ್ಮಕ್ಕ ಏನನ್ನೂ ಕಳೆಯೋಳಲ್ಲ. ಸಿಗುತ್ತೆ" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಗೌನಿನ ತುದಿಯಲ್ಲಿ ಕಾಣುತ್ತಿದ್ದ ಎರಡು ಬರಿಗಾಲುಗಳ ಬೆರಳು ಮಾತ್ರ ಒಂದನ್ನೊಂದು ಉಜ್ಜುತ್ತಿದ್ದವು.

ಚಪ್ಪಲಿ ಅಕ್ಕಿಯಲ್ಲಿದೆ ಎಂದು ಆಗಲೇ ಹೇಳಿದ್ದರೆ ಈಗ ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಹೇಳಲಿಲ್ಲ. ಬಗ್ಗಿ ನನ್ನ ಕಾಲಲ್ಲಿದ್ದ ಮೈಸೂರಿನ ಕಂದು ಬಣ್ಣದ ಚರ್ಮದ ಚಪ್ಪಲಿ ಬಿಚ್ಚಿದೆ. ಸೆರಗಿನಲ್ಲಿ ಒರೆಸಿದೆ. ದಿಂಬಿನ ಮೇಲಿಟ್ಟೆ. ಬರಿಗಾಲಲ್ಲಿ ಅಷ್ಟು ಜನರ ನಡುವೆ ನಡೆದು ಹೋಗಿ ಅಪ್ಪನ ಮುಂದೆ ಹಿಡಿದೆ.

"ಇದು ನಿಂದಲ್ವೇನೇ?" ಎಂದರು ಅಪ್ಪ, ಮೆಲ್ಲಗೆ, ಕನ್ನಡದಲ್ಲಿ.

"ಹೂಂ. ಹಾಕಿ."

ಅಪ್ಪ ತೊಡಿಸಿದರು. ತೊಡಿಸಿದ ಮೇಲೂ ಅವರ ಹೆಬ್ಬೆರಳು ತೋರುಬೆರಳು ಅವಳ ಕಣಕಾಲ ಬಳಿ ಒಂದು ಕ್ಷಣ ತಡಕಾಡಿದವು. ಬಕಲ್ ಹುಡುಕುತ್ತಿದ್ದವು. ತಂಗಿ ಎದ್ದು ನಿಂತು, ಮೈಕಿನಲ್ಲೇ, ಸ್ಪಷ್ಟವಾಗಿ, "ಥ್ಯಾಂಕ್ಸ್ ಅಪ್ಪಾ" ಎಂದಳು. ಅಪ್ಪ ಕೆಳಗೇ ಕೂತು ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡರು. ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು.

ನನ್ನ ಚಪ್ಪಲಿ ಅವಳಿಗೆ ದೊಡ್ಡದು. ಟಿಶ್ಯೂ ಪೇಪರ್ ತುರುಕಿ ಅಪ್ಪನ ಜೊತೆ ಕುಣಿದಳು. ಪಟ್ ಪಟ್ ಎಂದು ಅದು ಹಿಮ್ಮಡಿಗೆ ಬಡಿಯುವ ಸದ್ದಿಗೆ ಬ್ಯಾಂಡಿನವರೇ ತಾಳ ಹಿಡಿದರು. ನಾನೂ ಬರಿಗಾಲಲ್ಲಿ ಕುಣಿದೆ. ಎಷ್ಟು ಜನ ನನ್ನನ್ನು ತಬ್ಬಿಕೊಂಡರೋ.

ಹೀಗೆ ಹುಟ್ಟಿದ್ದು ಆ ಕಥೆ.

ಮರುದಿನವೇ ಚಪ್ಪಲಿ ಅಕ್ಕಿಯಿಂದ ನನ್ನ ಸೂಟ್‌ಕೇಸಿಗೆ ಹೋಯಿತು. ಎಸೆಯಲು ಮನಸ್ಸು ಬರಲಿಲ್ಲ, ಕೊಡಲು ಧೈರ್ಯ ಬರಲಿಲ್ಲ. ಮೂರು ವರ್ಷದ ಮೇಲೆ ಹೋಟೆಲಿನವರು ಡಾಲಸ್‌ನಲ್ಲಿ ಇನ್ನೊಂದು ಹೋಟೆಲು ತೆರೆದು ಅಲ್ಲಿನ ದೋಸೆ ಕಾವಲಿಗೆ ನನ್ನನ್ನು ನಿಲ್ಲಿಸಿದರು. ಚಪ್ಪಲಿಯೂ ನನ್ನ ಜೊತೆ ಬಂತು. ತಂಗಿ ಟೀಚರ್ ಓದಿಗೆ ಆಸ್ಟಿನ್‌ಗೆ ಹೋದಳು. ನಮ್ಮ ಇಡೀ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ರಜೆಯಲ್ಲಿ ನನ್ನ ಹತ್ತಿರ ಬಂದರೆ ಕೌಂಟರಿನ ಬಳಿ ನಿಂತು ಪಕ್ಕದ ಊರು ಫ್ರಿಸ್ಕೋದಿಂದ ಬರುತ್ತಿದ್ದ ಸಾಫ್ಟ್‌ವೇರ್ ಮಂದಿಗೂ ಆ ಕಥೆ ಹೇಳುತ್ತಿದ್ದಳು. "ಎಂಥಾ ಅಕ್ಕ ರೀ!" ಎಂದು ಅವರು ಮಸಾಲೆ ದೋಸೆಯ ಮೇಲಿನಿಂದ ನನ್ನನ್ನು ನೋಡುತ್ತಿದ್ದರು. ನನ್ನ ದೋಸೆ ಸೀದುಹೋಗುತ್ತಿತ್ತು.

ಅವಳು ಡಿಗ್ರಿ ಪಡೆದ ದಿನ ನಾನು ಆಸ್ಟಿನ್‌ಗೆ ಬಸ್ಸಿನಲ್ಲಿ ಹೋದೆ. ಅವಳ ಗೆಳತಿಯೊಬ್ಬಳು ದೂರದಿಂದಲೇ ಕೈ ಚಾಚಿಕೊಂಡು ಬಂದಳು. "ಓ, ಚಪ್ಪಲಿ ಅಕ್ಕ ನೀವೇನಾ!" ಎಂದಳು. ನಾನು ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದರೊಳಗೆ ಆ ಪ್ಲಾಸ್ಟಿಕ್ ಚೀಲವಿತ್ತು.

ಅವಳ ರೂಮಿನಲ್ಲಿ ಇಬ್ಬರೇ ಇದ್ದಾಗ ಅವಳ ಕೈಗೆ ಕೊಟ್ಟೆ. ಉಡುಗೊರೆ ಎಂದುಕೊಂಡು ನಗುತ್ತಾ ಬಿಚ್ಚಿದಳು. ಬಿಳಿ ಸ್ಯಾಟಿನ್ ಹಳದಿಯಾಗಿತ್ತು. ತಿರುಗಿಸಿ ನೋಡಿದಳು. ಬಕಲ್ಲಿನ ಸಂದಿಯಿಂದ ಎರಡು ಕಾಳು ಅಂಗೈಗೆ ಬಿದ್ದವು.

"ಇದ್ರಲ್ಲಿ ಅಕ್ಕಿ ಯಾಕಿದೆ?"

ಹೇಳಿದೆ. ಏರ್‌ಪೋರ್ಟಿನ ಗುಲಾಬಿ ಶೂನಿಂದ ಡ್ರಮ್ಮಿನ ಮುಚ್ಚಳದವರೆಗೆ. ಅವಳು ಕೂಗಲಿಲ್ಲ, ಅಳಲಿಲ್ಲ.

"ಏಳು ವರ್ಷದಿಂದ ಈ ಕಥೆ ಹೇಳ್ತಿದೀನಿ. ಒಂದು ಸಲ ಆದ್ರೂ ನನ್ನ ತಡೀಬಾರದಾಗಿತ್ತಾ? ಸ್ಕಾಲರ್‌ಶಿಪ್‌ಗೆ ಬರೆಯೋ ಪ್ರಬಂಧದಲ್ಲೂ ಇದನ್ನೇ ಬರೆದಿದ್ದೆ ಕಣೆ" ಎಂದಳು.

ಬಸ್ ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಟ್ಟಳು. ಇಳಿಯುವಾಗ, "ನೀರಿನ ಬಾಟ್ಲಿ ಮರೀಬೇಡ" ಎಂದಳು. ಅಷ್ಟೆ. ಆಮೇಲೆ ಮೂರು ವಾರ ಫೋನಿಲ್ಲ. ಆ ಮೂರು ವಾರ ನಾನು ಹುಯ್ದ ದೋಸೆಗಳನ್ನು ತಿಂದವರೆಲ್ಲ ನನ್ನನ್ನು ಕ್ಷಮಿಸಬೇಕು.

ನಾಲ್ಕನೇ ವಾರ ಫೋನ್ ಬಂತು. "ಅಮ್ಮನ ಬರ್ತ್‌ಡೇಗೆ ಹ್ಯೂಸ್ಟನ್‌ಗೆ ಬಾ. ನಾನು ಕಥೆ ಹೇಳೋದಿದೆ. ಈ ಸಲ ಅಡುಗೆಮನೆಗೆ ಓಡೋ ಹಾಗಿಲ್ಲ."

ಅಂದರೆ ನಾನು ಎದ್ದುಹೋಗುತ್ತಿದ್ದದ್ದನ್ನು ಅವಳು ಅಷ್ಟು ವರ್ಷವೂ ನೋಡಿದ್ದಳು. ವಿನಯ ಎಂದುಕೊಂಡಿದ್ದಳಂತೆ.

ಮಣ್ಣು ತುಂಬಿದ ಕೊಳದ ಸುತ್ತ ಕುರ್ಚಿ ಹಾಕಿದ್ದರು. ಚಿಕ್ಕಮ್ಮ, ಅವಳ ಅಕ್ಕ, ಓಣಿಯವರು, ಪೇರ್‌ಲ್ಯಾಂಡಿನ ಆಂಟಿ ಕೂಡ. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ತಂಗಿ ಎದ್ದು ನಿಂತಳು. "ಇನ್ನೂರು ಜನ ಕೂತಿದಾರೆ" ಎಂದು ಶುರು ಮಾಡಿ, ತಡೆದು, "ಇಲ್ಲ, ಕಥೆ ಅಲ್ಲಿಂದ ಶುರು ಆಗಲ್ಲ" ಎಂದಳು. ಏರ್‌ಪೋರ್ಟಿನಿಂದ ಶುರು ಮಾಡಿದಳು. ನಾನು ಶೂ ಒಳಗೆ ಪಾದ ತುರುಕಿದ್ದನ್ನು ಮಾಡಿ ತೋರಿಸಿದಳು. ಕಾವಲಿ ಉಜ್ಜುತ್ತಾ ಓರೆಗಣ್ಣಲ್ಲಿ ನೋಡಿದ್ದನ್ನು ಮಾಡಿದಳು. ತುದಿಗಾಲಲ್ಲಿ ಅಕ್ಕಿ ಡ್ರಮ್ಮಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಕೈ ತೂರಿಸಿದ್ದನ್ನು ಮಾಡುವಾಗ ಓಣಿಯವರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಚಿಕ್ಕಮ್ಮ ಅಡುಗೆ ಬಟ್ಟೆಯಲ್ಲಿ ನನ್ನ ತಲೆಗೆ ನಾಲ್ಕು ಬಾರಿಸಿ, ಅದೇ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು, ನನ್ನನ್ನು ಎದೆಗೆ ಅಮುಕಿಕೊಂಡಳು. ಆಂಟಿ ಮಾತ್ರ, "ಆ ಅಕ್ಕೀನ ಆಮೇಲೆ ಯಾರು ತಿಂದ್ರು?" ಎಂದು ಕೇಳಿದರು. ಅದಕ್ಕೆ ಇನ್ನಷ್ಟು ನಗು.

ನಗದೆ ಇದ್ದವರು ಅಪ್ಪ ಒಬ್ಬರೇ. ತಂಗಿ ತಂದಿದ್ದ ಆ ಚಪ್ಪಲಿಯನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಬಕಲ್ ಬಿಚ್ಚಿದರು, ಹಾಕಿದರು, ಬಿಚ್ಚಿದರು. ಬೆರಳುಗಳು ಮರೆತಿರಲಿಲ್ಲ.

"ಮೂರು ವಾರ ಪ್ರಾಕ್ಟೀಸ್ ಮಾಡಿದ್ದೆ" ಎಂದರು. ನನ್ನ ಕಾಲುಗಳನ್ನೇ ನೋಡುತ್ತಾ, "ನಿಂದು ಸೈಜ್ ಎಷ್ಟಮ್ಮಾ?" ಎಂದು ಕೇಳಿದರು.

"ಎಂಟು."

"ಎಂಟು" ಎಂದರು ಅಪ್ಪ, ಆರ್ಡರ್ ತಗೊಂಡ ಹಾಗೆ. ಇನ್ನೊಂದು ಸಲ, ತಮ್ಮಷ್ಟಕ್ಕೆ, "ಎಂಟು."

"ಅಪ್ಪಾ, ಬಕಲ್ ಇಲ್ಲದ್ದು ತಗೊಳ್ಳಿ" ಎಂದಳು ತಂಗಿ. "ಇವಳ ಕೈಗೆ ಮಾತ್ರ ಕೊಡಬೇಡಿ. ಸೀದಾ ಕಾಲಿಗೇ ಹಾಕಿ."